ಕಚ್ಚಿದ ಚೊಣಕ್ ತಪ್ಪಿಸಿಕೊಳ್ಳದಂತೆ ದಡಕ್ಕೆ ತರುವುದು ಹೇಗೆ?

ಭಾನುವಾರ ಬಂತೆಂದರೆ ಗೋವಾದ ವಾಸ್ಕೊ, ಪಣಜಿ ಕಡೆಯ ನಮ್ಮ ಹುಡುಗರು ರಾಡ್ ಹಿಡಿದು ಜುವಾರಿ, ಮಾಂಡೋವಿ ನದಿ ದಡಕ್ಕೆ ಹೊರಡುತ್ತಾರೆ. ದೊಡ್ಡ ಚೊಣಕ್ (ಏಷ್ಯನ್ ಸೀಬಾಸ್ ಮೀನು) ಕಚ್ಚುವುದೂ ಉಂಟು, ದಡಕ್ಕೆ ಬರುವುದು ಮಾತ್ರ ಕಮ್ಮಿ. ಮೀನು ಕಚ್ಚಿದ್ದೇ ತಡ, ಹಿಂದಿನಿಂದ ‘ಎಳಿಯೋ ತಮ್ಮಾ, ಬಿಡಬ್ಯಾಡ!’ ಅಂತ ಕೂಗು. ರಾಡ್ ಹಿಡಿದವನು ಗಾಬರಿಯಲ್ಲಿ ಡ್ರ್ಯಾಗ್, ಅಂದರೆ ಲೈನ್ ಸುತ್ತುವ ರೀಲಿನ ಬ್ರೇಕ್, ಬಿಗಿ ಮಾಡುತ್ತಾನೆ. ಲೈನ್ ತುಂಡು, ಇಲ್ಲವೇ ಗಾಳ ನೆಟ್ಟಗೆ.

ಮೊದಲು ಗಾಳ ನೋಡಿ. ಮೀನನ್ನು ಮರುಳು ಮಾಡುವ ಕೃತಕ ಎರೆಗೆ ಲೂರ್ ಅಂತಾರೆ. ಅಗ್ಗದ ಲೂರ್‌ಗಳಲ್ಲಿ ಬರುವ ಮೂರು ಮೊನೆಯ ಗಾಳ ತೆಳ್ಳಗಿರುತ್ತದೆ. ಅದನ್ನೂ ಅದರ ರಿಂಗನ್ನೂ ತೆಗೆದು ದಪ್ಪನೆಯದು ಹಾಕಿ. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿ ನಿಂತರೆ ಸರಿ, ಜಾರಿದರೆ ಅರಕ್ಕೆ ಕೊಡಿ. ಚೊಣಕ್ ಬಾಯಿ ಮರಳು ಕಾಗದದಷ್ಟು ಒರಟು, ಕಿವಿರಿನ ಮುಚ್ಚಳದ ಅಂಚು ಹರಿತ. ಹಾಗಾಗಿ ಗಾಳಕ್ಕೂ ಮುಖ್ಯ ಲೈನಿಗೂ ನಡುವೆ 40ರಿಂದ 50 ಪೌಂಡ್ ತಾಳುವ ಲೀಡರ್ (ದಪ್ಪ ಲೈನಿನ ತುಂಡು) ಇರಲೇಬೇಕು.

ಡ್ರ್ಯಾಗನ್ನು ಕೈಯಂದಾಜಿನಲ್ಲಿ ಇಡಬೇಡಿ. ಲೈನಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ರಾಡ್ ಬಾಗಿಸಿ ಎಳೆಯಿರಿ. 20 ಪೌಂಡ್ ಅಂದರೆ ಸುಮಾರು 9 ಕಿಲೋ ತಾಳುವ ಲೈನಾದರೆ, 3 ಕಿಲೋಗೆ ರೀಲ್ ಲೈನ್ ಬಿಡಬೇಕು. ಮೀನು ದೂರ ಓಡಿದಷ್ಟೂ ಸ್ಪೂಲಿನ (ರೀಲಿನಲ್ಲಿ ಲೈನ್ ಸುತ್ತಿರುವ ಉರುಳೆಯ) ಸುತ್ತು ಸಣ್ಣದಾಗಿ ಎಳೆತ ತಾನಾಗಿ ಜಾಸ್ತಿಯಾಗುತ್ತದೆ. ಆಗ ಇನ್ನೂ ಬಿಗಿ ಮಾಡುವುದು ಬೇಡ, ತುಸು ಸಡಿಲಿಸಿ.

ಕಚ್ಚಿತಾ? ಒಮ್ಮೆ ಗಟ್ಟಿಯಾಗಿ ಎಳೆದು ಗಾಳ ನಾಟಿಸಿ. ಅಷ್ಟು ಸಾಕು.

ಹೆಚ್ಚಿನವರು ಸೋಲುವುದು ಮೀನು ಹಾರುವಾಗ. ಚೊಣಕ್ ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ಅಗಲಿಸಿ, ಕಿವಿರು ಬಿಚ್ಚಿ ತಲೆ ಒದರುತ್ತದೆ. ಲೂರಿನ ಭಾರ ಅತ್ತಿತ್ತ ಬಡಿದಾಗ ಗಾಳ ಕಿತ್ತು ಬರುತ್ತದೆ. ಹಾರುವ ಮುನ್ನ ಅದು ಸುಳಿವು ಕೊಡುತ್ತದೆ: ನೀರೊಳಗೆ ಓರೆಯಾಗಿ ಇಳಿದಿದ್ದ ಲೈನ್ ಸರಸರನೆ ಮೇಲೇಳುತ್ತದೆ. ಕಣ್ಣು ಅಲ್ಲೇ ಇರಲಿ. ಏಳುತ್ತಿದ್ದಂತೆ ರಾಡಿನ ತುದಿಯನ್ನು ನೀರಿಗೆ ತಾಗುವಷ್ಟು ಕೆಳಗಿಳಿಸಿ, ಪಕ್ಕಕ್ಕೆ ಎಳೆಯಿರಿ. ಎಷ್ಟೋ ಸಲ ಮೀನು ಅರ್ಧ ಮೈಯಷ್ಟೇ ತೋರಿಸಿ ಮುಳುಗುತ್ತದೆ. ಹಾರಿಯೇ ಬಿಟ್ಟರೆ ಜಗ್ಗಬೇಡಿ, ಹಾಗಂತ ಲೈನ್ ಜೋಲು ಬೀಳಲೂ ಬಾರದು. ನೀರಿಗೆ ಬಿದ್ದ ಕೂಡಲೇ ಹ್ಯಾಂಡಲ್ ಬೇಗ ಬೇಗ ತಿರುಗಿಸಿ. ಆ ಹೊತ್ತಿನಲ್ಲಿ ರಾಡನ್ನು ಆಕಾಶಕ್ಕೆ ಎತ್ತುವುದನ್ನು ದಯವಿಟ್ಟು ಬಿಡಿ. ಅದು ಮೀನಿಗೆ ಹಾರಲು ಸಹಾಯ ಮಾಡಿದಂತೆ, ಅಲ್ವಾ?

ಮೀನು ಕಾಂಡ್ಲಾ (ಮ್ಯಾಂಗ್ರೋವ್) ಬೇರಿನತ್ತಲೋ ಸೇತುವೆ ಕಂಬದತ್ತಲೋ ಓಡಿದರೆ ಅದಕ್ಕೆದುರು ಪಕ್ಕಕ್ಕೆ ರಾಡ್ ಬಾಗಿಸಿ ತಲೆ ತಿರುಗಿಸಿ. ಕಂಬಕ್ಕೆ ಅಂಟಿದ ಚಿಪ್ಪು ತಾಗಿದರೆ ಎಂಥ ಲೈನೂ ಉಳಿಯುವುದಿಲ್ಲ. ಡ್ರ್ಯಾಗ್ ಲೈನ್ ಬಿಡುತ್ತಿರುವಾಗ ಸುಮ್ನೆ ಹ್ಯಾಂಡಲ್ ತಿರುಗಿಸಬೇಡಿ, ಸ್ಪಿನ್ನಿಂಗ್ ರೀಲಿನಲ್ಲಿ ಲೈನ್ ಹುರಿಗೊಳ್ಳುತ್ತದೆ. ರಾಡ್ ನಿಧಾನ ಎತ್ತಿ, ಇಳಿಸುವಾಗ ಸುತ್ತಿಕೊಳ್ಳಿ.

ದಡದ ಹತ್ತಿರ ಬಂದಾಗ ಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿಡಿ. ಮೀನನ್ನು ತಲೆ ಮುಂದಾಗಿ ಅದರೊಳಕ್ಕೆ ತನ್ನಿ. ಬಲೆ ಹಿಡಿದು ಮೀನಿನ ಹಿಂದೆ ಓಡಿದರೆ ಅದು ಕೊನೆಯ ಸಲ ಸಿಡಿದೇಳುತ್ತದೆ. ಲೈನ್ ಹಿಡಿದು ಎತ್ತುವುದಂತೂ ಬೇಡವೇ ಬೇಡ. ಗಾಳ ಬಿಡಿಸಲು ಇಕ್ಕಳ ಬಳಸಿ, ಬೆರಳು ಕಿವಿರಿನಿಂದ ದೂರವಿರಲಿ.

ಚೊಣಕ್ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುತ್ತದೆ. ತೀರ ದೊಡ್ಡವು ಸಾಮಾನ್ಯವಾಗಿ ಮೊಟ್ಟೆಯಿಡುವ ಹೆಣ್ಣುಗಳೇ. ಮನೆಗೆ ಮಧ್ಯಮ ಗಾತ್ರದ್ದು ಒಯ್ಯಿರಿ, ದೊಡ್ಡದನ್ನು ಬಿಡಿ. ಬಿಡುವಾಗ ಹೊಟ್ಟೆಯ ಕೆಳಗೆ ಕೈಯಿಟ್ಟು, ತಲೆಯನ್ನು ನೀರು ಹರಿದು ಬರುವ ಕಡೆಗೆ ಹಿಡಿಯಿರಿ. ಬಾಲ ತಾನಾಗಿ ಬಡಿಯುವವರೆಗೂ ಕೈ ತೆಗೆಯಬೇಡಿ.