ಹೇಳದ ಪದ ನೆನಪಿಗೆ ಬರುವುದು ಹೇಗೆ? 15 ಪದಗಳ ಪ್ರಯೋಗ

ಕೇಳದೇ ಇದ್ದದ್ದನ್ನೂ ಕೇಳಿದ್ದೆ ಎಂದು ಮನಸ್ಸು ಖಂಡಿತವಾಗಿ ಹೇಳಬಲ್ಲದು ಎಂದರೆ ಹೆಚ್ಚಿನವರು ಒಪ್ಪುವುದಿಲ್ಲ. ವಾದ ಮಾಡುವುದಕ್ಕಿಂತ ನಾಲ್ಕೈದು ಜನರನ್ನು ಕೂರಿಸಿ ತೋರಿಸುವುದೇ ಸುಲಭ. ಹತ್ತು ನಿಮಿಷ ಸಾಕು.

ಎಲ್ಲರಿಗೂ ಹಾಳೆ, ಪೆನ್ನು ಕೊಡಿ. ‘ಪದಗಳನ್ನು ಓದುತ್ತೇನೆ, ಹೇಳಿದಾಗ ನೆನಪಿದ್ದಷ್ಟು ಬರೆಯಿರಿ, ಊಹಿಸಬೇಡಿ’ ಎಂದಷ್ಟೇ ಹೇಳಿ. ಓದುವಾಗ ಪೆನ್ನು ಕೆಳಗಿರಲಿ. ಒಂದೂವರೆ ಸೆಕೆಂಡಿಗೊಂದು ಪದ, ದನಿಯಲ್ಲಿ ಏರಿಳಿತ ಬೇಡ:

ಹಾಸಿಗೆ, ಗೊರಕೆ, ಕನಸು, ಆಕಳಿಕೆ, ದಿಂಬು, ಎಚ್ಚರ, ತೂಕಡಿಕೆ, ಜೋಗುಳ, ಹೊದಿಕೆ, ರಾತ್ರಿ, ಮಂಪರು, ವಿಶ್ರಾಂತಿ, ದಣಿವು, ಮಂಚ, ಮೌನ.

ಕೂಡಲೇ ಬರೆಯಲು ಬಿಡಬೇಡಿ. ಕೊನೆಯ ಕೆಲವು ಪದ ಇನ್ನೂ ಕಿವಿಯಲ್ಲೇ ಇರುತ್ತವೆ. 2 ನಿಮಿಷ, 500ರಿಂದ ಏಳೇಳು ಕಳೆಯುತ್ತಾ ಹೋಗಲಿ. ಆಮೇಲೆ ಬರೆಯಲು ಇನ್ನೆರಡು ನಿಮಿಷ.

ಈಗ ಹಾಳೆಗಳಲ್ಲಿ ‘ನಿದ್ದೆ’ ಹುಡುಕಿ. ನೀವು ಅದನ್ನು ಓದಿಯೇ ಇಲ್ಲ. ಹದಿನೈದೂ ಪದಗಳು ಮೊದಲೇ ಗೊತ್ತಿರುವ ಅದೇ ವಿಷಯದ ಸುತ್ತ ಸುಳಿಯುವುದರಿಂದ, ಅದು ಕೇಳುವಾಗಲೇ ಮನಸ್ಸಿನಲ್ಲಿ ಚುರುಕಾಗಿರುತ್ತದೆ. ಬರೆಯುವಾಗ, ಅದು ಹೊರಗಿನಿಂದ ಬಂತೋ ಒಳಗೇ ಹುಟ್ಟಿತೋ ಎಂಬುದು ತಿಳಿಯುವುದಿಲ್ಲ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ 1995ರಲ್ಲಿ ಇಂಥ 15 ಪದಗಳ ಇಂಗ್ಲಿಷ್ ಪಟ್ಟಿಗಳನ್ನು ಬಳಸಿದಾಗ, ಹೇಳದ ಪದ ಶೇ 55ರಷ್ಟು ಸಲ ಬರಹದಲ್ಲಿ ಬಂದಿತ್ತು. ನಿಮ್ಮ ಗುಂಪಿನಲ್ಲಿ ಹೆಚ್ಚುಕಡಿಮೆ ಆಗಬಹುದು.

ಯಾರೂ ಬರೆಯದಿದ್ದರೂ ನಿರಾಶರಾಗಬೇಡಿ. ‘ದಿಂಬು, ಸೇತುವೆ, ನಿದ್ದೆ, ಕೊಡಲಿ, ಜೋಗುಳ’ ಇವುಗಳಲ್ಲಿ ಯಾವುದು ಪಟ್ಟಿಯಲ್ಲಿತ್ತು ಎಂದು ಕೇಳಿ. ಸೇತುವೆ, ಕೊಡಲಿಗೂ ‘ಇತ್ತು’ ಎಂದವರು ಬರೀ ಊಹಿಸುತ್ತಿದ್ದಾರೆ. ಅವರ ಉತ್ತರ ಲೆಕ್ಕಕ್ಕಿಲ್ಲ.

ಪ್ರಯೋಗ ಹೆಚ್ಚಾಗಿ ಕೆಡುವುದು ನಡೆಸುವವರ ಬಾಯಿಂದಲೇ. ‘ನಿದ್ದೆ ಬಂತಾ?’ ಎಂದು ನಡುವೆ ತಮಾಷೆ ಮಾಡಿದರೆ ಮುಗಿಯಿತು, ಆ ಪದವನ್ನು ಅವರು ನಿಜಕ್ಕೂ ಕೇಳಿದಂತಾಯಿತು. ಬೇರೆ ವಿಷಯಗಳ ಪದ ಬೆರೆಸಿದರೂ ಸೆಳೆತ ಸಡಿಲಾಗುತ್ತದೆ. ಹೇಳದ ಪದವೂ ನೆನಪಿಗೆ ಬರಬಹುದು ಎಂದು ಮೊದಲೇ ಎಚ್ಚರಿಸಿದರೆ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಕೇಳಿದ್ದನ್ನು ಗೊತ್ತಿರುವ ವಿಷಯಕ್ಕೆ ಜೋಡಿಸಿಕೊಳ್ಳುವ ಮನಸ್ಸಿನ ಇದೇ ಗುಣ ಓದಿಗೆ ಉಪಕಾರಿ. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಸಂಶೋಧಕರು 1972ರಲ್ಲಿ ಬಟ್ಟೆ ಒಗೆಯುವ ಬಗ್ಗೆ ಅಸ್ಪಷ್ಟವಾಗಿ ಬರೆದ ಭಾಗವೊಂದನ್ನು ಕೇಳಿಸಿದರು. ವಿಷಯವನ್ನು ಮೊದಲೇ ತಿಳಿದವರಿಗೆ ಹೆಚ್ಚು ನೆನಪಿತ್ತು. ಕೇಳಿದ ಮೇಲೆ ತಿಳಿದವರಿಗೆ ಪ್ರಯೋಜನವಾಗಲಿಲ್ಲ. ಹಾಗಾಗಿ ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆಗಳನ್ನು ಮೊದಲು ಓದಿಕೊಳ್ಳಿ. ಆಮೇಲೆ ನೆನಪಿನಿಂದ ಬರೆದದ್ದನ್ನು ಪುಸ್ತಕದೊಡನೆ ತಾಳೆ ನೋಡುವಾಗ, ತಡವರಿಸದೆ ಬರೆದ ಸಾಲುಗಳನ್ನೂ ಬಿಡದೆ ನೋಡಿ.