ಜುಹೂ ಹೆಲಿಕಾಪ್ಟರಿನ ಮಾಲೀಕರ ಜಾಡು ಸಿಕ್ಕಿದ್ದು ಹೀಗೆ

ಮುಂಬೈಯ ಜುಹೂನಲ್ಲಿ ನಿಲ್ಲುವ ಒಂದು ಹೆಲಿಕಾಪ್ಟರಿನ ಬಗ್ಗೆ ಗೆಳೆಯರ ಪ್ರಶ್ನೆ: ಇದು ಯಾರದು? ಡಿಜಿಸಿಎ (ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ) ನೋಂದಣಿ ದಾಖಲೆಯಲ್ಲಿ ಮಾಲೀಕರೆಂದು ಕಂಡದ್ದು ಲೀಸಿಂಗ್ ಕಂಪನಿ, ಅಂದರೆ ಗುತ್ತಿಗೆಗೆ ಕೊಡುವ ಕಂಪನಿ. ಹಾರಿಸುವ ಆಪರೇಟರ್ ಬೇರೆಯೇ. ಎರಡನ್ನೂ ಒಂದೇ ಎಂದುಕೊಂಡರೆ ಅಲ್ಲೇ ದಾರಿ ತಪ್ಪುತ್ತದೆ.

ಗಂಟು ಬಿಚ್ಚಿದ್ದು ತಯಾರಕರ ಸೀರಿಯಲ್ ನಂಬರು. ಭಾರತದ ನೋಂದಣಿ ಗುರುತಾದ 'ವಿಟಿ' ನಂತರದ ಮೂರು ಅಕ್ಷರ ಬದಲಾಗಬಹುದು, ಸೀರಿಯಲ್ ಬದಲಾಗದು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ತಾಣದಲ್ಲಿ ಸೀರಿಯಲ್ ಹಾಕಿಯೇ ಹುಡುಕಬಹುದು. ಇದೇ ಹೆಲಿಕಾಪ್ಟರಿನ ಹಳೆಯ 'ಎನ್' ನೋಂದಣಿ (ಅಮೆರಿಕದ ಗುರುತು) ಅಲ್ಲಿ ಸಿಕ್ಕಿತು. ಮಾಲೀಕರ ಜಾಗದಲ್ಲಿ ಟ್ರಸ್ಟ್ ಇದ್ದರೆ ನಿಜವಾದ ಫಲಾನುಭವಿ ಬೇರೆ ಎಂದೇ ಓದಿಕೊಳ್ಳಿ. ಅಲ್ಲಿನ ಪೌರತ್ವ, ಕಾಯಂ ವಾಸದ ಹಕ್ಕು ಇಲ್ಲದವರು ನೋಂದಣಿಗೆ ಹೆಚ್ಚಾಗಿ ಹಿಡಿಯುವ ದಾರಿ ಅದು.

ಭಾರತೀಯ ಕಂಪನಿಯಾದರೆ ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ತಾಣದಲ್ಲಿ 'ಚಾರ್ಜ್', ಅಂದರೆ ಆಸ್ತಿಯ ಮೇಲಿನ ಸಾಲದ ಹಕ್ಕಿನ ವಿವರ ನೋಡಿ. ಸಾಲ ಕೊಟ್ಟ ಬ್ಯಾಂಕು ಅಲ್ಲಿ ಕಾಣಬಹುದು. ಒಂದೇ ಥರದ ಹೆಸರುಗಳು ಬಹಳ, ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಹೊಂದಿಸಿಯೇ ನಂಬಿ.