ಪ್ಯಾಚ್ ಕಳಿಸುವ ಮುಂಚೆ ಒಂದು ಸಹಿ

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ಕರೆಂಟ್ ಹೋದ ಸಂಜೆಗಳಲ್ಲಿ, ಬ್ಯಾಟರಿ ಇರುವಷ್ಟು ಹೊತ್ತು ಕೂತು, ಕೋಡ್ ಬರೆಯಲು ಬಳಸುವ ಟೆಕ್ಸ್ಟ್ ಎಡಿಟರ್ ಆದ ಈಮ್ಯಾಕ್ಸ್‌ಗೆ 60 ಸಾಲಿನ ಪ್ಯಾಚ್, ಅಂದರೆ ತಿದ್ದುಪಡಿ ಕೋಡ್, ಬರೆದೆ. ಕಳಿಸಿದರೆ ಅದನ್ನು ನೋಡಿಕೊಳ್ಳುವವರು ಮೊದಲು ಕೇಳಿದ್ದು ಕೃತಿಸ್ವಾಮ್ಯ (ಕಾಪಿರೈಟ್) ಬರೆದುಕೊಡುವ ಕಾಗದ!

15 ಸಾಲಿನೊಳಗಿನ ತಿದ್ದುಪಡಿಗೆ ಅದು ಬೇಡ. ಜಾಸ್ತಿಯಾದರೆ ಕೃತಿಸ್ವಾಮ್ಯವನ್ನು ಈಮ್ಯಾಕ್ಸ್ ಹಿಂದಿನ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕು. ತೋಟ ಬರೆದುಕೊಟ್ಟ ಹಾಗಲ್ಲ, ಹೆದರಬೇಡಿ. ನಿಮ್ಮ ಕೋಡನ್ನು ಬೇರೆ ಕಡೆ ಬಳಸುವ ಹಕ್ಕನ್ನು ಅವರು ನಿಮಗೇ ವಾಪಸ್ ಕೊಡುತ್ತಾರೆ. ಎಲ್ಲ ಪ್ರಾಜೆಕ್ಟೂ ಹೀಗೆ ಕೇಳುವುದಿಲ್ಲ. ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಜಿಸಿಸಿ 2021ರಲ್ಲಿ ಈ ಕಡ್ಡಾಯ ಕೈಬಿಟ್ಟಿತು.

ಮೊದಲು ನಿಮ್ಮ ಕೆಲಸದ ಕರಾರು ತೆಗೆದು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದಕ್ಕೆ ಕಂಪನಿಯೇ ಮೊದಲ ಮಾಲೀಕ. ನಮ್ಮದಲ್ಲದ್ದನ್ನು ಬರೆದುಕೊಡುವುದು ಹೇಗೆ, ಅಲ್ವಾ? ನನ್ನ ಕರಾರಿನ ಏಳನೇ ಪುಟದಲ್ಲಿ ಬಿಡುವಿನ ವೇಳೆಯ ಕೋಡೂ ಅವರದೇ ಅಂತಿತ್ತು. ಸುಮ್ನೆ ಸಹಿ ಹಾಕಿದ್ದೆ. 'ಇದರಲ್ಲಿ ನಮಗೆ ಹಕ್ಕಿಲ್ಲ' ಅನ್ನುವ ಪತ್ರ ಆಫೀಸಿನಿಂದ ಕೈಗೆ ಬರುವಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದಿತ್ತು.

ಕೃತಿಸ್ವಾಮ್ಯ ಬರೆದುಕೊಡುವ ಪತ್ರದಲ್ಲಿ ಅವಧಿ, ಪ್ರದೇಶ ಎರಡೂ ನೋಡಿ. ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬಾಯಿಮಾತು ನಡೆಯುವುದಿಲ್ಲ, ಸಹಿ ಬೇಕೇ ಬೇಕು.

ಸಹಿಯಾದ ಮೇಲೆ ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ. ನನ್ನದಕ್ಕೆ ಆಗಲೇ ಬೂಷ್ಟು ಹಿಡಿದಿದೆ.